ಹರಳೆಣ್ಣೆ ಹಚ್ಚಿದ ಕಲ್ಲುಗಳು

ಮೊನ್ನೆ ನನ್ನ ಸೊಸೆ ಸವಿತಾ ಹಿತ್ತಲ ಒಲೆಯ ಮೇಲೆ ಹರಳು ಬೇಯಿಸಿ ಎಣ್ಣೆ ತೆಗೆಯುತ್ತಿದ್ದಳು. ಹರಳೆಣ್ಣೆ ಕಾಯುವ ವಾಸನೆ ಹೇಗಿರುತ್ತದೆಂದು ಅದನ್ನು ಕುಡಿದು ಬೆಳೆದವರಿಗೆ ಹೇಳಬೇಕಾಗಿಲ್ಲ. ಮೂಗಿಗೆ ಬಡಿದರೆ ಗಂಟಲತನಕ ಇಳಿಯುತ್ತದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನಾನು ಮೊರವನ್ನು ಅಲ್ಲೇ ಬಿಟ್ಟು ಬೀದಿಗೆ ಬಂದುಬಿಟ್ಟೆ. ಸವಿತಾ ಒಳಗಿನಿಂದಲೇ ಕೂಗಿದಳು:

“ಯಾಕತ್ತೆ, ಕಲ್ಲುಗೊಳು ನೆಪ್ಪಾದ್ವಾ?”

ನಗುತ್ತಲೇ ಕೂಗಿದಳು. ನಮ್ಮ ಮನೆಯಲ್ಲಿ ಅದೀಗ ನಗುವ ಮಾತಾಗಿದೆ. ನಾನೂ ನಗುತ್ತೇನೆ. ನಕ್ಕು ಮುಗಿಸಿದ ಮೇಲೆ ಮಾತ್ರ, ಊಟವಾದ ಮೇಲೆ ಹಲ್ಲಿನ ಸಂದಿಯಲ್ಲಿ ಏನೋ ಉಳಿದ ಹಾಗೆ, ಒಂದು ಮಾತು ಉಳಿದುಕೊಂಡೇ ಇರುತ್ತದೆ.

ಸಂತೋಷದ ಮಾತನ್ನು ಮೊದಲು ಹೇಳಿಬಿಡುತ್ತೇನೆ, ಅದನ್ನು ಬಾಯಲ್ಲಿಟ್ಟುಕೊಂಡು ಕೂರುವುದು ನನ್ನ ಕೈಲಾಗುವುದಿಲ್ಲ. ನನ್ನ ಮಗಳ ಮಗಳು ಪೂರ್ಣಿಮಾ, ನಮ್ಮ ಪೂರ್ಣಿ, ಕಲ್ಲಿನ ಓದು ಓದಿ ಪಾಸಾಗಿದ್ದಾಳೆ. ಕಲ್ಲಿನ ಓದು ಎಂದರೆ ಎಂ.ಎಸ್ಸಿ. ನಮ್ಮ ಮನೆತನದಲ್ಲಿ ಅಷ್ಟು ಓದಿದವರು ಯಾರೂ ಇಲ್ಲ. ಬಾಗೂರು ಸಂತೆಯಲ್ಲಿ ಸೊಪ್ಪು ಮಾರುವವಳಿಗೂ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಿದ್ದೇನೆ. “ಕಲ್ಲು ಓದೋದ್ರಲ್ಲಿ ಏನೈತಮ್ಮ?” ಎಂದು ಯಾರಾದರೂ ಕೇಳಿಬಿಟ್ಟರೆ ಅವರು ಇಳಿಯುವ ಸ್ಟಾಪು ಬಂದರೂ ನಾನು ಬಿಡುವವಳಲ್ಲ. ಆದರೆ ಪಾಸಾಗುವುದು ಒಂದು ವರ್ಷ ತಡವಾಯಿತು. ಆ ಒಂದು ವರ್ಷ ನನ್ನಿಂದ ಹೋಯಿತು. ಇದನ್ನು ಬಸ್ಸಿನಲ್ಲಿ ಯಾರಿಗೂ ಹೇಳಿಲ್ಲ.

ನಮ್ಮೂರು ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ನಡುವೆ, ದಂಡಿಗನಹಳ್ಳಿ ಕಡೆಯ ಬಸ್ಸಿಳಿದು ಒಂದಿಷ್ಟು ನಡೆಯುವಷ್ಟು ದೂರದಲ್ಲಿದೆ. ಊರ ಬೆನ್ನಿಗೊಂದು ಗುಡ್ಡ, ಗುಡ್ಡದ ಬುಡಕ್ಕೆ ಕೆರೆ, ಕೆರೆಯ ಕೆಳಗೆ ಗದ್ದೆ. ಗುಡ್ಡಕ್ಕೆ ಕರೇಕಲ್ಲು ಗುಡ್ಡ ಅನ್ನುತ್ತೇವೆ. ಶ್ರವಣಬೆಳಗೊಳದ ಬೆಟ್ಟ ನೋಡಿ ಬಂದವರು ಇದನ್ನು ಗುಡ್ಡ ಅನ್ನಲಿಕ್ಕೂ ಹಿಂದೆಮುಂದೆ ನೋಡುತ್ತಾರೆ. ಕಲ್ಲೂ ಬೇರೆ. ಅಲ್ಲಿಯದು ಬೆಳ್ಳಗೆ, ಗಟ್ಟಿ. ನಮ್ಮದು ಹಸಿರುಗಪ್ಪು, ಒದ್ದೆಯಾದರೆ ಸೋಪಿನಂತೆ ಜಾರುತ್ತದೆ, ಉಗುರಿನಲ್ಲಿ ಕೆರೆದರೆ ಗೆರೆ ಬೀಳುತ್ತದೆ. ನಾವು ಚಿಕ್ಕವರಿದ್ದಾಗ ಅದರ ಚೂರುಗಳನ್ನೇ ಬಳಪ ಮಾಡಿಕೊಂಡು ಸ್ಲೇಟಿನ ಮೇಲೆ ಬರೆಯುತ್ತಿದ್ದೆವು. ನಾನು ಸ್ಲೇಟು ಬಿಟ್ಟು ಪುಸ್ತಕಕ್ಕೆ ಬರುವ ಹೊತ್ತಿಗೆ ನನ್ನನ್ನು ಸ್ಕೂಲೇ ಬಿಡಿಸಿದರು. ದೊಡ್ಡವರು ಆ ಕಲ್ಲಿನಲ್ಲಿ ಅಡಿಗೆಯ ಮರಿಗೆ ಕೆತ್ತಿಸಿಕೊಳ್ಳುತ್ತಿದ್ದರು. ಒಲೆಯಿಂದ ಇಳಿಸಿದ ಮೇಲೂ ಕಲ್ಲುಮರಿಗೆಯ ಸಾರು ತುಂಬ ಹೊತ್ತು ಕುದಿಯುತ್ತಲೇ ಇರುತ್ತದೆ. ನಮ್ಮತ್ತೆ ಬಿಟ್ಟುಹೋದ ಮರಿಗೆಯೊಂದು ಈಗಲೂ ನಮ್ಮ ಮನೆಯಲ್ಲಿದೆ.

ಹಿಂದಿನ ವರ್ಷಕ್ಕೂ ಹಿಂದಿನ ಬೇಸಿಗೆಯಲ್ಲಿ ಪೂರ್ಣಿ ಹಾಸನದಿಂದ ಬಂದಿಳಿದಳು. ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ, ಕೊರಳಲ್ಲಿ ದಿಕ್ಕು ತೋರಿಸುವ ಡಬ್ಬಿ. ಪರೀಕ್ಷೆಗೆಂದು ಯಾವುದಾದರೂ ಒಂದು ಗುಡ್ಡವನ್ನು ಪೂರ್ತಿ ನೋಡಿ ಬರೆದುಕೊಡಬೇಕಂತೆ. ಲೋಕದಲ್ಲಿರುವ ಗುಡ್ಡಗಳನ್ನೆಲ್ಲ ಬಿಟ್ಟು ನಮ್ಮ ಗುಡ್ಡವನ್ನು ಕೇಳಿ ಹಾಕಿಸಿಕೊಂಡು ಬಂದಿದ್ದಳು. ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲೇ ಇರುತ್ತೇನೆ ಅಂದಳು. ನನಗೆ ಆಗ ಆದ ಸಂತೋಷ ಎಷ್ಟೆಂದರೆ, ಹಾಲು ಕಾಯಿಸಲು ಹೋಗಿ ಮಜ್ಜಿಗೆ ಒಲೆಯ ಮೇಲಿಟ್ಟಿದ್ದೆ.

ಮಾರನೆಯ ದಿನದಿಂದ ಅವಳ ಹಿಂದೆ ನಾನೂ ಹೊರಟೆ. ಮಂಡಿನೋವು ಎಲ್ಲಿ ಹೋಯಿತೋ! ಬುತ್ತಿ, ನೀರು, ಅವಳು ಒಡೆದ ಕಲ್ಲು ಹಾಕಿಕೊಳ್ಳಲು ಗೊಬ್ಬರದ ಚೀಲ, ಎಲ್ಲ ನನ್ನ ಪಾಲು. ಕೆರೆ ಕೆಳಗೆ ಗದ್ದೆ ಇರುವ ನಂಜಪ್ಪ ಮೊದಲ ದಿನವೇ ತಡೆದು ನಿಲ್ಲಿಸಿದ. ನನ್ನನ್ನು ಅಕ್ಕ ಅನ್ನುತ್ತಾನೆ, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವನು.

“ಏನವ್ವಾ ಮಗಾ, ನಿಧಿ ಉಡುಕ್ತಿದ್ದೀಯಾ? ಸಿಕ್ಕುದ್ರೆ ಅರ್ಧ ನಂದು ಕಣವ್ವ, ಗುಡ್ಡದ ತಗ್ಗಲ್ಲೇ ನನ್ ಗದ್ದೆ ಇರಾದು.”

“ನಿಧಿ ಅಲ್ಲ ತಾತ, ಬೆಂಕಿ ಹುಡುಕ್ತಿದ್ದೀನಿ.”

“ಬೆಂಕೀನಾ? ಅದುಕ್ಯಾಕೆ ಗುಡ್ಡ ಅತ್ತೀಯೆ, ನನ್ ಜೋಬಲ್ಲೇ ಬೆಂಕಿಪೊಟ್ಣ ಐತಲ್ಲ!”

ನಾವು ಮೂವರೂ ನಕ್ಕೆವು. ಆದರೆ ಅವಳು ತಮಾಷೆಗೆ ಹೇಳಿರಲಿಲ್ಲ. ಆ ವರ್ಷ ಕೆರೆ ಪೂರ್ತಿ ಒಣಗಿತ್ತು. ತೂಬಿನ ಹತ್ತಿರ, ಯಾವಾಗಲೂ ನೀರೊಳಗೆ ಇರುವ ಆಳದ ಜಾಗದಲ್ಲಿ, ಕಲ್ಲುಗಳು ಎಮ್ಮೆ ಬೆನ್ನಿನ ಹಾಗೆ ಎದ್ದು ಕಾಣುತ್ತಿದ್ದವು. ಹುಟ್ಟಿದಾಗಿನಿಂದ ನಾನು ಅವನ್ನು ಒಂದೆರಡು ಸಲ ನೋಡಿರಬಹುದು. ಪೂರ್ಣಿ ಅವುಗಳ ಮುಂದೆ ಮಂಡಿಯೂರಿ ಕೂತವಳು ಬಿಸಿಲು ಏರಿದರೂ ಏಳಲಿಲ್ಲ.

“ಅಜ್ಜಿ, ಇದೆಲ್ಲ ಒಂದು ಕಾಲದಲ್ಲಿ ಸಮುದ್ರ. ಸಮುದ್ರದ ತಳ ಬಿರುಕು ಬಿಟ್ಟು ಒಳಗಿಂದ ಕಲ್ಲೇ ಕರಗಿ ಉಕ್ಕಿದ್ದು. ಈಗಿನ ಜ್ವಾಲಾಮುಖಿಯಲ್ಲೂ ಅಷ್ಟು ಬಿಸಿ ಇರಲ್ಲ. ಅಂಬಲಿ ಥರ ತೆಳ್ಳಗೆ ಹರೀತಿತ್ತಂತೆ.”

“ಯಾವಾಗವ್ವ?”

“ಮುನ್ನೂರು ಕೋಟಿ ವರ್ಷಕ್ಕೂ ಹಿಂದೆ.”

“ಸುಮ್ಕಿರು, ಎಣಿಸ್ದೋರು ಯಾರು?”

ಕಲ್ಲೊಳಗೆ ತನ್ನಷ್ಟಕ್ಕೆ ತಾನು ಒಂದೇ ಲೆಕ್ಕದಲ್ಲಿ ಕರಗಿಹೋಗುವ ವಸ್ತು ಇರುತ್ತದಂತೆ, ಅದು ಎಷ್ಟು ಉಳಿದಿದೆ ಎಂದು ನೋಡಿ ವಯಸ್ಸು ಹೇಳುತ್ತಾರಂತೆ. ಅರ್ಥವಾದಷ್ಟು ಆಯಿತು. ಆಮೇಲೆ ಅವಳು ಹೇಳಿದ್ದು ಮಾತ್ರ ನನಗೆ ಚೆನ್ನಾಗಿ ಹಿಡಿಸಿತು. ಆ ಬೆಂಕಿ ತಣ್ಣೀರಿಗೆ ಬಂದ ಕೂಡಲೇ ಮೇಲೆ ಸಿಪ್ಪೆ ಕಟ್ಟುತ್ತದೆ, ಒಳಗೆ ಇನ್ನೂ ಬಿಸಿ. ಹಾಗೆ ಉಂಡೆ ಉಂಡೆಯಾಗಿ ಒಂದರ ಮೇಲೊಂದು ಕೂರುತ್ತದೆ. ಮೇಲಿನ ಉಂಡೆಯ ತಳ ಕೆಳಗಿನ ಎರಡರ ಸಂದಿಗೆ ಇಳಿದು ಬಾಲದ ಹಾಗೆ ಚೂಪಾಗುತ್ತದೆ. ಬೆನ್ನು ಗುಂಡಗೆ ಉಳಿಯುತ್ತದೆ.

“ಪುಸ್ತಕದಲ್ಲಿ ಇದಕ್ಕೆ ದಿಂಬು ಅಂತಾರೆ ಅಜ್ಜಿ.”

“ದಿಂಬಂತೆ! ಮುದ್ದೆ ಕಣೇ ಅದು. ಬಿಸಿ ಮುದ್ದೆ ಮ್ಯಾಲೆ ಬಿಸಿ ಮುದ್ದೆ ಮಡಗಿದ್ರೆ ಇಂಗೇ ಅಲ್ವಾ ಕೂರಾದು?”

ಅವಳು ಬಿದ್ದು ಬಿದ್ದು ನಕ್ಕಳು. ಅಂದಿನಿಂದ ನಮ್ಮಿಬ್ಬರಿಗೂ ಅವು ಮುದ್ದೆಕಲ್ಲು. ಆದರೆ ಆ ಮುದ್ದೆಗಳ ಬಾಲ ಕೆಳಗಿರಲಿಲ್ಲ, ಆಕಾಶದ ಕಡೆಗಿತ್ತು. ಅದನ್ನು ಕಂಡುಹಿಡಿದ ದಿನ ಅವಳು ಕೆರೆಯಂಗಳದಲ್ಲಿ ಕುಣಿದಾಡಿದಳು. “ಅಜ್ಜಿ, ಬೆಟ್ಟ ಮಗುಚಿ ಬಿದ್ದಿದೆ! ತಳ ಮೇಲಾಗಿ ಕೂತಿದೆ!” ಭೂಮಿ ಒತ್ತಿ ಒತ್ತಿ ಅದನ್ನು ದೋಸೆ ಮಗುಚಿದ ಹಾಗೆ ಮಗುಚಿಬಿಟ್ಟಿದೆಯಂತೆ. ಒತ್ತಿದ್ದಕ್ಕೆ, ಒಳಗೆ ನೀರು ಸೇರಿದ್ದಕ್ಕೆ, ಬೆಂಕಿಯ ಕಲ್ಲು ಮೆತ್ತಗಾಗಿ ಬಳಪವಾಯಿತಂತೆ. ಮೇಲಿದ್ದ ಬೆಟ್ಟವೆಲ್ಲ ಮಳೆ ಗಾಳಿಗೆ ಸವೆದು ಸವೆದು ಹೊಳೆಯ ಪಾಲಾಗಿ, ನಾವು ನೋಡುತ್ತಿರುವುದು ಉಳಿದ ಮೋಟು ಮಾತ್ರವಂತೆ.

“ಅಂಗಾರೆ ಇಷ್ಟ್ ವರ್ಸ ನಾವು ಮೋಟುಗೇ ಗುಡ್ಡ ಅಂತಿದ್ವಾ?” ಅಂದೆ.

“ಸವೆದದ್ದು ಎಲ್ಲೂ ಹೋಗಿಲ್ಲ ಅಜ್ಜಿ. ನಿನ್ನ ಹೊಲದ ಮಣ್ಣಲ್ಲೂ ಸ್ವಲ್ಪ ಇದೆ.”

ಬೆಟ್ಟ ಮಗುಚಿದೆ ಎನ್ನುವುದೇ ಅವಳ ಬರವಣಿಗೆಯ ಜೀವ. ಅದನ್ನು ಗುರುಗಳ ಮುಂದೆ ತೋರಿಸಲು ಫೋಟೋ ಸಾಲದು. ಪ್ರತಿ ಕಲ್ಲನ್ನೂ ಕೊಯ್ದು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅದು ಗುಡ್ಡದ ಯಾವ ಜಾಗದ್ದು, ಯಾವ ಮಗ್ಗುಲು ಮೇಲಿತ್ತು ಎಂದು ಗೊತ್ತಿರಬೇಕು. ಅದಕ್ಕೇ ಅವಳು ಕಲ್ಲು ಒಡೆಯುವ ಮೊದಲು ಅದರ ಮೇಲೆ ಬಾಣದ ಗುರುತು ಹಾಕುತ್ತಿದ್ದಳು, ಒಡೆದ ಮೇಲೆ ಬಿಳಿ ಟೇಪು ಅಂಟಿಸಿ ನಂಬರು ಬರೆಯುತ್ತಿದ್ದಳು. ನಾನು ಚೀಲಕ್ಕೆ ಹಾಕುತ್ತಿದ್ದೆ. ನನಗೆ ಕಲ್ಲು ಕಾಣುತ್ತಿತ್ತು, ನಂಬರು ಕಾಣುತ್ತಿರಲಿಲ್ಲ.

ಬೇಸಿಗೆ ಮುಗಿಯುತ್ತಾ ಬಂದಿತ್ತು. ಗುರುಗಳನ್ನು ನೋಡಿ ಬರುತ್ತೇನೆಂದು ಅವಳು ಕೆಲವು ದಿನಕ್ಕೆ ಹೊರಟಳು. ಹೊರಡುವಾಗ ಚೀಲಗಳನ್ನು ತೋರಿಸಿ, “ಅಜ್ಜಿ, ಕೆರೆ ಕಲ್ಲು ಒಣಗಿ ಪದರ ಪದರ ಬಿಡ್ತಿವೆ. ಒಡೀದ ಹಾಗೆ ನೋಡ್ಕೋ” ಅಂದಳು.

ಒಡೆಯದ ಹಾಗೆ. ಬಳಪದ ಕಲ್ಲು ಒಡೆಯದ ಹಾಗೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಸ ಮರಿಗೆ ತಂದರೆ ಹಾಗೇ ಒಲೆಗೆ ಇಡುವುದಿಲ್ಲ. ಸೀಗೆಪುಡಿ ಹಾಕಿ ನಾರಿನಲ್ಲಿ ಉಜ್ಜಿ ತೊಳೆದು, ಗಂಜಿಯಲ್ಲಿ ನೆನೆಸಿ, ಹರಳೆಣ್ಣೆ ಅರಿಸಿನ ಬಳಿದು ಬಿಸಿಲಿಗಿಟ್ಟು, ಮತ್ತೆ ತೊಳೆದು ಮತ್ತೆ ಬಳಿದು ಪಳಗಿಸಬೇಕು. ಆಗ ಕಲ್ಲು ಎಣ್ಣೆ ಕುಡಿದು ಗಟ್ಟಿಯಾಗುತ್ತದೆ, ಬಿರುಕು ಬಿಡುವುದಿಲ್ಲ. ಮೊಮ್ಮಗಳು ಬರುವಷ್ಟರಲ್ಲಿ ಅವಳ ಕಲ್ಲುಗಳನ್ನೆಲ್ಲ ಪಳಗಿಸಿ ಇಟ್ಟರೆ ಎಷ್ಟು ಖುಷಿಪಡುತ್ತಾಳೋ ಎಂದು, ಅವಳ ಬಸ್ಸು ಹೊರಟ ಕೂಡಲೇ ಸೆರಗು ಸಿಕ್ಕಿಸಿ ಕೂತೆ. ಟೇಪುಗಳನ್ನು ಕಿತ್ತು ಒಲೆಗೆ ಹಾಕಿದೆ. ಸವಿತಾ ನೋಡಿ ತಡೆದಳು.

“ಅತ್ತೆ, ಅದ್ ಕೀಳ್ಬ್ಯಾಡಿ, ಏನೋ ಬರ್ದವ್ಳೆ ಅದರಲ್ಲಿ.”

“ಓಗೇ, ಅಂಗ್ಡಿ ಚೀಟಿ ಅಂಟ್ಕಂಡಂಗೇ ಯಾರಾರಾ ಪಾತ್ರೆ ಪಳಗಿಸ್ತಾರಾ?”

ಅವಳು ಒಳಗೆ ಹೋದಳು. ನಾನು ಹಾಡಿಕೊಂಡು, ಬಾಣದ ಗೆರೆಯೂ ಉಳಿಯದ ಹಾಗೆ ಉಜ್ಜಿದೆ. ಪೂರ್ಣಿ ಬರುವ ಹೊತ್ತಿಗೆ ಅಂಗಳದ ತುಂಬ ಕಲ್ಲುಗಳು ಮದುವಣಗಿತ್ತಿಯರ ಹಾಗೆ ಅರಿಸಿನ ಮೆತ್ತಿಕೊಂಡು, ಎಣ್ಣೆಗೆ ಮಿರಮಿರ ಮಿಂಚುತ್ತ ಸಾಲಾಗಿ ಕೂತಿದ್ದವು. ನಾನು ಬಾಗಿಲಲ್ಲೇ ನಿಂತಿದ್ದೆ, ಅವಳ ಮುಖ ಅರಳುವುದನ್ನು ನೋಡಬೇಕು ಅಂತ.

ಅವಳು ಒಂದು ಕಲ್ಲು ಎತ್ತಿಕೊಂಡು ತಿರುಗಿಸಿದಳು. ಇನ್ನೊಂದು ಎತ್ತಿಕೊಂಡಳು. “ನಂಬರ್ ಎಲ್ಲಿ ಅಜ್ಜಿ?” ಅಂದಳು. ದನಿಯಲ್ಲಿ ಕೋಪ ಇರಲಿಲ್ಲ. ಏನೂ ಇರಲಿಲ್ಲ.

ಎಣ್ಣೆ ಹತ್ತಿದರೆ ಪರವಾಗಿಲ್ಲವಂತೆ, ಮೇಲಿನದನ್ನು ಕೊಯ್ದು ಬಿಸಾಕಿ ಒಳಗಿನದನ್ನು ತೆಗೆಯಬಹುದಂತೆ. ನಂಬರು, ಬಾಣ ಹೋದರೆ ಅದು ಬರಿಯ ಕಲ್ಲು. ಅವಳು ಜಗಲಿಯ ಮೇಲೆ ತಲೆ ಹಿಡಿದು ಕೂತಳು. ನಾನು ಆಗ ತಪ್ಪಾಯಿತು ಅಂದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ತಿಳಿಯದೆ ಮಾಡಿದ್ದು, ಅವಳು ಇಂದಲ್ಲ ನಾಳೆ ನಕ್ಕುಬಿಡುತ್ತಿದ್ದಳು. ಆದರೆ ಅವಳ ಮುಖ ನೋಡಲಾರದೆ ನಾನು ಬಾಯಿ ಬಿಟ್ಟೆ:

“ಅಳ್ಬ್ಯಾಡ ಕಣವ್ವ. ಒಂದೊಂದ್ ಕಲ್ಲೂ ಒತ್ಕಂಡ್ ಬಂದೋಳು ನಾನು. ಯಾವ್ದು ಎಲ್ಲೀದು ಅಂತ ನಾನ್ ಯೋಳ್ತೀನಿ, ನೀನ್ ಬರ್ಕೋ.”

“ನಿಜವಾಗ್ಲೂ ಗೊತ್ತಾ ಅಜ್ಜಿ?”

“ಗೊತ್ತು ಬುಡು.”

ಮೊದಲಿನ ನಾಲ್ಕೈದು ನಿಜವಾಗಿಯೂ ಗೊತ್ತಿದ್ದವು. ಒಂದು ನನ್ನ ಕಾಲ ಮೇಲೆ ಬಿದ್ದಿತ್ತು, ಒಂದರಲ್ಲಿ ಬಿಳಿ ಗೆರೆ ಇತ್ತು. ಅವಳ ಮುಖಕ್ಕೆ ಬಣ್ಣ ಮರಳಿತು. ಅದನ್ನು ನೋಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಇದು ಗುಡ್ಡದ ನೆತ್ತಿಯದು, ಇದು ಬೇವಿನ ಮರದ ಹತ್ತಿರದ್ದು, ಇದು ಕೆರೆಯದು, ಇದೂ ಕೆರೆಯದು ಎಂದು ಸಂತೆಯಲ್ಲಿ ಕೂಗಿದ ಹಾಗೆ ಹೇಳುತ್ತಾ ಹೋದೆ. ಯಾವ ಮಗ್ಗುಲು ಮೇಲಿತ್ತು ಅಂದರೆ ಅದನ್ನೂ ಹೇಳಿದೆ. ಅವಳು ನಂಬಿದಳು. ಎಲ್ಲ ಮುಗಿದ ಮೇಲೆ ನನ್ನನ್ನು ಅಪ್ಪಿಕೊಂಡು, “ಅಜ್ಜಿ, ನೀನಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತು!” ಅಂದಳು. ಎಣ್ಣೆ ಬಳಿದದ್ದು ದಡ್ಡತನ. ಆ ಅಪ್ಪುಗೆಯನ್ನು ತೆಗೆದುಕೊಂಡೆನಲ್ಲ, ಅದು ದಡ್ಡತನ ಅಲ್ಲ.

ಅದಾದ ಮೇಲೂ ಒಂದು ವಾರ ಕೆರೆ ಒಣಗಿಯೇ ಇತ್ತು. ಸುತ್ತಿಗೆ ಹಿಡಿದು ಮತ್ತೆ ಹೋಗಿದ್ದರೆ ಮುದ್ದೆಕಲ್ಲುಗಳು ಅಲ್ಲೇ ಕೂತಿದ್ದವು. ನಾನು ದಿನಾ ಅವಳಿಗೆ ರೊಟ್ಟಿ ತಟ್ಟಿ ಕೊಡುತ್ತಾ, ತಲೆಗೆ ಎಣ್ಣೆ ಒತ್ತುತ್ತಾ, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ಆಮೇಲೆ ಒಂದು ಸಂಜೆ ಗುಡ್ಡದ ಆಚೆಗೆ ಕಪ್ಪಾಯಿತು. ಬಿತ್ತು ನೋಡಿ ಮಳೆ! ಗುಡ್ಡದ ನೀರೆಲ್ಲ ಕೆಂಪಗೆ ಹರಿದು ಕೆರೆಗೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ತೂಬಿನ ಹತ್ತಿರ ಆಳುದ್ದ ನೀರು. ಎಮ್ಮೆ ಬೆನ್ನು ಒಂದೂ ಕಾಣಲಿಲ್ಲ. ಊರವರೆಲ್ಲ ಏರಿಯ ಮೇಲೆ ನಿಂತು ಕೈ ಮುಗಿಯುತ್ತಿದ್ದರು.

ಕೆಲವು ದಿನಗಳಾದ ಮೇಲೆ ಪೂರ್ಣಿ ನಡುಮನೆಯಲ್ಲಿ ದೊಡ್ಡ ಕಾಗದ ಹಾಸಿಕೊಂಡು ಗುಡ್ಡದ ಚಿತ್ರ ಬರೆದು ಬಣ್ಣ ತುಂಬುತ್ತಿದ್ದಳು. ಒರೆಸುತ್ತಾಳೆ, ಬರೆಯುತ್ತಾಳೆ, ಮತ್ತೆ ಒರೆಸುತ್ತಾಳೆ. “ಏನವ್ವ?” ಅಂದೆ.

“ನೀನು ಹೇಳಿದ ಜಾಗದಲ್ಲಿ ಕಲ್ಲು ಇಟ್ಟು ನೋಡಿದ್ರೆ ಒಂದಕ್ಕೊಂದು ಕೂರ್ತಾ ಇಲ್ಲ ಅಜ್ಜಿ. ಬೆಟ್ಟ ಮಗುಚಿಲ್ಲ ಅನ್ನೋ ಹಾಗೆ ಬರ್ತಿದೆ. ನಾನೇ ಕೆರೇಲಿ ತಪ್ಪು ನೋಡಿದೆ ಅನ್ಸುತ್ತೆ. ಮಗುಚಿದೆ ಅನ್ನೋದನ್ನ ತೆಗೆದುಬಿಡ್ತೀನಿ.”

ಕೆರೆಯಂಗಳದಲ್ಲಿ ಕುಣಿದ ಹುಡುಗಿ ತನ್ನ ಕಣ್ಣನ್ನೇ ತಪ್ಪು ಅನ್ನುತ್ತಿದ್ದಾಳೆ, ನನ್ನ ಮಾತನ್ನು ನಂಬಿ. ಕೈಲಿದ್ದ ಲೋಟ ಬದಿಗಿಟ್ಟೆ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

“ತೆಗೀಬ್ಯಾಡ ಮಗ. ನೀನ್ ನೋಡಿದ್ದೇ ಸರಿ. ನಂಗೆ ಗೊತ್ತಿರ್ನಿಲ್ಲ.”

“ಯಾವ್ದು ಗೊತ್ತಿರ್ಲಿಲ್ಲ?”

“ಮೊದ್ಲು ಯೋಳಿದ್ ನಾಕೈದು ಬುಟ್ರೆ ಒಂದೂ ಗೊತ್ತಿರ್ನಿಲ್ಲ. ನಿನ್ ಮಖ ನೋಡಕ್ಕಾಗ್ದೆ ಯೋಳ್ಬುಟ್ಟೆ.”

ಅವಳು ಪೆನ್ಸಿಲ್ ಕೆಳಗಿಟ್ಟಳು. ಕಿಟಕಿಯಾಚೆ ಮಳೆ ಹನಿಯುತ್ತಿತ್ತು. ಅವಳು ಅದನ್ನೇ ನೋಡಿದಳು. ಆ ನೋಟ ನನಗೆ ಅರ್ಥವಾಯಿತು. ಒಂದು ವಾರದ ಲೆಕ್ಕ ಅವಳಿಗೂ ಸಿಕ್ಕಿತ್ತು. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! “ಅಜ್ಜಿ, ಕಲ್ಲಿನ ವಿಷಯದಲ್ಲಿ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಬೇಕು” ಅಂದಳು, ಅಷ್ಟೇ. ಆ ಸಂಜೆ ನನ್ನ ಮಾತಿನ ಮೇಲೆ ಬರೆದ ಹಾಳೆಗಳನ್ನೆಲ್ಲ ಹರಿದು ಹಾಕಿದಳು.

ಗುರುಗಳ ಹತ್ತಿರ ಹೋಗಿ ಬಂದಳು. ಕೆರೆಯ ಕಲ್ಲು ಬಿಟ್ಟು ಉಳಿದದ್ದನ್ನು ಬರೆದು ಕೊಡು, ಪಾಸಾಗುತ್ತೀಯ ಅಂದರಂತೆ. ಇವಳು ಒಪ್ಪಲಿಲ್ಲ. ಕಂಡದ್ದನ್ನು ಬಿಟ್ಟು ಬರೆಯುವುದಿಲ್ಲ, ಮುಂದಿನ ಬೇಸಿಗೆಗೆ ಕಲ್ಲು ತಂದು ಬರೆಯುತ್ತೇನೆ ಅಂದಳಂತೆ. ಜೊತೆಯವರೆಲ್ಲ ಮುಗಿಸಿಕೊಂಡು ಕೆಲಸಕ್ಕೆ, ಮುಂದಿನ ಓದಿಗೆ ಹೋದರು. ನನ್ನ ಮಗಳು ಹಾಸನದಿಂದ ಫೋನು ಮಾಡಿ ಒಂದು ಗಂಟೆ ಬೈದಳು. ಅವಳು ಬೈದದ್ದು ಪೂರ್ಣಿಯನ್ನು. ನಾನು ಪಕ್ಕದಲ್ಲೇ ಕೂತಿದ್ದೆ.

ಆ ವರ್ಷ ಪೂರ್ಣಿ ಹೆಚ್ಚು ದಿನ ನಮ್ಮ ಮನೆಯಲ್ಲೇ ಉಳಿದಳು. ಗುಡ್ಡದ ಉಳಿದ ಭಾಗ ಮತ್ತೆ ನೋಡಬೇಕಾಗಿತ್ತು, ಕಲ್ಲುಗಳನ್ನು ಮತ್ತೆ ಆಯಬೇಕಾಗಿತ್ತು. ಮಳೆಗಾಲದ ಗುಡ್ಡ ಹೇಗಿರುತ್ತದೆಂದು ನನಗೇ ಗೊತ್ತಿರಲಿಲ್ಲ. ಕಲ್ಲು ತೊಳೆದುಕೊಂಡು ಹಸಿರಾಗಿ ಹೊಳೆಯುತ್ತದೆ, ಸಂದಿಯಲ್ಲೆಲ್ಲ ನೀರು ಗುಳುಗುಳು ಅನ್ನುತ್ತದೆ. ಒಂದೇ ಕೊಡೆಯಲ್ಲಿ ಇಬ್ಬರೂ ಹತ್ತುತ್ತಿದ್ದೆವು. ನಾನು ಜಾರಿ ಬಿದ್ದರೆ ಅವಳು ನಗುವಳು, ಅವಳು ಜಾರಿದರೆ ನಾನು. ರಾಗಿ ಪೈರು ನಾಟಿ ಮಾಡುವಾಗ ನಮ್ಮ ಜೊತೆ ಕೆಸರಿಗಿಳಿದಳು. ಸಾಯಂಕಾಲ ಒಲೆ ಮುಂದೆ ಕೂತು ಭೂಮಿ ಹೇಗೆ ತೇಲುತ್ತದೆ, ಖಂಡಗಳು ಹೇಗೆ ಒಂದಕ್ಕೊಂದು ಗುದ್ದುತ್ತವೆ ಎಂದೆಲ್ಲ ಹೇಳುತ್ತಿದ್ದಳು. ಅದನ್ನು ಕೇಳುತ್ತಾ ಸವಿತಾ ರೊಟ್ಟಿ ಸೀಯಿಸಿದ್ದೂ ಉಂಟು. ನನ್ನ ಇಷ್ಟು ವರ್ಷದ ಬಾಳಿನಲ್ಲಿ ಅಷ್ಟು ಚೆನ್ನಾದ ಮಳೆಗಾಲ ಇನ್ನೊಂದಿಲ್ಲ. ಬೆಳಿಗ್ಗೆ ಎದ್ದು ಅವಳು ಮಲಗಿರುವುದನ್ನು ನೋಡಿದರೆ ಮನಸ್ಸು ತುಂಬಿಬಿಡುತ್ತಿತ್ತು. ಮರುಗಳಿಗೆಗೇ, ಇವಳು ಇವತ್ತು ಇಲ್ಲಿ ಮಲಗಿರಬೇಕಾದವಳಲ್ಲ ಎಂದು ನೆನಪಾಗುತ್ತಿತ್ತು. ಅವಳು ಕಳೆದುಕೊಂಡ ವರ್ಷವನ್ನು ನಾನು ಕೂತು ಉಣ್ಣುತ್ತಿದ್ದೆ. ಇಂಥದನ್ನು ಯಾವ ಬಾಯಲ್ಲಿ ಸುಖ ಅನ್ನುವುದು?

ದಸರಾ ಕಳೆದ ಮೇಲೆ ಕೆರೆ ತುಂಬಿ ಕೋಡಿ ಬಿತ್ತು. ಎಷ್ಟೋ ವರ್ಷಕ್ಕೆ ಕೋಡಿ ಬಿದ್ದದ್ದು. ಊರ ಹೆಂಗಸರೆಲ್ಲ ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಕಣ ಇಟ್ಟು ಕೆರೆಗೆ ಬಾಗಿನ ಬಿಡಲು ಹೊರಟರು. ನಾನೂ ಹೋದೆ. ಎಲ್ಲರೂ ತುಂಬಿರಲಿ ತಾಯಿ, ಹೀಗೇ ತುಂಬಿರಲಿ ಎಂದು ಬೇಡುತ್ತಿದ್ದಾರೆ. ನಾನು ಮೊರ ತೇಲಿಬಿಟ್ಟು ಕಣ್ಣು ಮುಚ್ಚಿ, ಬೇಸಿಗೆಗೆ ಒಣಗಿಬಿಡು ತಾಯಿ ಎಂದು ಬೇಡಿದೆ. ಕಣ್ಣು ಬಿಟ್ಟರೆ ಎದುರಿಗೆ ನಂಜಪ್ಪ.

“ಏನಕ್ಕ, ಕೆರೆ ತುಂಬುದ್ರೆ ನಿನ್ ಮಖ ಯಾಕ್ ಒಣಗೈತೆ? ಈ ಸಲ ನಾನೂ ಬ್ಯಾಸ್ಗೆ ಬತ್ತ ಆಕ್ತೀನಿ ಕಣಕ್ಕ. ಅಕ್ಕಿ ಬಂದ್ಮ್ಯಾಲೆ ಮಗೀಗೆ ಒಂದ್ ಸೇರು ನಾನೇ ತಂದ್ಕೊಡ್ತೀನಿ.”

ನಾನು ತೇಲಿಹೋಗುತ್ತಿದ್ದ ಮೊರದ ಕಡೆಗೆ ಮುಖ ತಿರುಗಿಸಿದೆ.

ಬೇಸಿಗೆ ಬಂತು. ನಾನು ದಿನಾ ಒಂದು ನೆಪ ಹೇಳಿ ಏರಿಯ ಮೇಲೆ ಹೋಗಿ ಬರುತ್ತಿದ್ದೆ. ನೀರು ಇಳಿಯುವುದು ಬಾಣಂತಿ ನಡೆದ ಹಾಗೆ, ನಿಧಾನ. ಆಮೇಲೆ ಬಿಸಿಲು ಬಲಿಯಿತು. ನಡುವೆ ಬರಬೇಕಾದ ಒಂದೆರಡು ಮಳೆಯೂ ಬರಲಿಲ್ಲ. ನೀರು ಸರಸರ ಹಿಂದೆ ಸರಿಯಿತು. ನಂಜಪ್ಪನ ಭತ್ತ ತೆನೆ ಕಟ್ಟುತ್ತಿತ್ತು, ಇನ್ನೊಂದು ನೀರು ಬೇಕಾಗಿತ್ತು. ತೂಬು ಎತ್ತಿದರೆ ಬರಿಯ ಕೆಸರು ಬಂತು. ಉಳಿದ ಗುಂಡಿಯ ನೀರನ್ನು ದನಗಳಿಗೆಂದು ಊರವರು ಬಿಟ್ಟುಕೊಂಡಿದ್ದರು. ಒಂದು ದಿನ ಬೆಳಿಗ್ಗೆ ಆ ಗುಂಡಿಯ ಅಂಚಿನಲ್ಲಿ ಕಪ್ಪಗೆ ಎಮ್ಮೆ ಬೆನ್ನು ಕಂಡಿತು. ನಾನು ಅಲ್ಲಿಂದಲೇ, ಊರಿಗೆಲ್ಲ ಕೇಳುವ ಹಾಗೆ, “ಪೂರ್ಣೀ, ಎದ್ದವು ಬಾರೇ! ಮುದ್ದೆ ಎದ್ದವು!” ಎಂದು ಕೂಗಿದೆ.

ಅವಳು ಓಡಿ ಬಂದು ತೊಡೆಮಟ್ಟ ಕೆಸರಿಗಿಳಿದಳು. ನಾನು ದಡದಲ್ಲಿ ಕುಣಿಯುತ್ತಿದ್ದೆ ಎಂದೇ ಹೇಳಬೇಕು. ತಿರುಗಿ ನೋಡಿದರೆ ನಂಜಪ್ಪ ಗದ್ದೆಯ ಕಡೆಯಿಂದ ಬರುತ್ತಿದ್ದ. ಕೈಯಲ್ಲಿ ಭತ್ತದ ಒಂದು ತೆನೆ. ಹಿಸುಕಿದ, ಒಳಗೆ ಏನೂ ಇರಲಿಲ್ಲ, ಪೂರಾ ಜೊಳ್ಳು. ಊದಿ ಹಾರಿಸಿದ.

“ಬುಡಕ್ಕ, ಅದಿರ್ಲಿ. ಮಗೀಗ್ ಕಲ್ ಸಿಕ್ತಾ?” ಅಂದ.

ನಾನು ಗುಂಡಿಯ ಕಡೆಗೆ ಕೈ ತೋರಿಸಿದೆ. ನನ್ನ ಬೇಡಿಕೆ ಕೇಳಿ ಕೆರೆ ಒಣಗಿತು ಎಂದು ನಂಬುವಷ್ಟು ದೊಡ್ಡವಳೇನಲ್ಲ ನಾನು. ಮಳೆ ಬರಲಿಲ್ಲ, ಒಣಗಿತು. ಆದರೂ ಬೇಡಿದ್ದಂತೂ ನಿಜ. ಅವನು ಪಂಚೆ ಮೇಲಕ್ಕೆ ಕಟ್ಟಿ ಹಾರೆ ಹಿಡಿದು ಅವಳ ಜೊತೆ ಕೆಸರಿಗಿಳಿದ. “ಇದ್ನ ಮೀಟ್ಲಾ ಮಗಾ? ಬಾಣ ಆಕ್ದ್ಯಾ ಮೊದ್ಲು? ಆಕು, ಆಕು. ನಿಮ್ಮಜ್ಜಿ ಕೈಗೆ ಮಾತ್ರ ಕೊಡ್ಬ್ಯಾಡ, ಒಗ್ಗರಣೆ ಆಕ್ಬುಟ್ಟಾಳು!” ಎಂದು ನಗಿಸುತ್ತಾ ಮಧ್ಯಾಹ್ನದವರೆಗೆ ದುಡಿದ. ಚೀಲವನ್ನೂ ಅವನೇ ಹೊತ್ತು ಮನೆಗೆ ತಂದ. ಕಾಫಿ ಕುಡಿದು ಹೋದ. ಆ ಮನುಷ್ಯನಿಗೆ ಇವತ್ತಿಗೂ ನಾನು ಏನೂ ಹೇಳಿಲ್ಲ.

ಆ ಚೀಲಗಳನ್ನು ನಾನು ಮುಟ್ಟಲಿಲ್ಲ. ಅವು ಇದ್ದ ಮೂಲೆಯನ್ನು ಗುಡಿಸುವುದನ್ನೂ ಸವಿತಾಳಿಗೇ ಬಿಟ್ಟೆ. ಪೂರ್ಣಿ ಅವನ್ನು ಕಾರಿಗೆ ಹಾಕಿಸಿಕೊಂಡು ಹೋದಳು. ಕೊಯ್ದಳು, ಉಜ್ಜಿದಳು, ಬರೆದಳು. ಬೆಟ್ಟ ಮಗುಚಿದ್ದು ನಿಜವೇ ಆಗಿತ್ತು. ಬೆಟ್ಟದ ತಳ ಮೇಲಾಗಿ ಮುನ್ನೂರು ಕೋಟಿ ವರ್ಷದ ಬೆಂಕಿ ನಮ್ಮ ಕೆರೆಯಲ್ಲಿ ಕೂತಿದೆ ಎಂದು ಪುಸ್ತಕ ಮಾಡಿ ಕೊಟ್ಟಳು. ಗುರುಗಳೆಲ್ಲ ಎದುರಿಗೆ ಕೂತು ಪ್ರಶ್ನೆ ಕೇಳುವ ಬಾಯಿ ಪರೀಕ್ಷೆಯೊಂದು ಉಳಿದಿತ್ತು.

ಆವತ್ತು ನಾನು ಹೊಲದಲ್ಲಿ ರಾಗಿಗೆ ಕಳೆ ತೆಗೆಯುತ್ತಿದ್ದೆ. ಫೋನು ಬಂತು. ಕೈಯೆಲ್ಲ ಮಣ್ಣು, ಸೆರಗಲ್ಲಿ ಹಿಡಿದು ಕಿವಿಗಿಟ್ಟೆ.

“ಅಜ್ಜೀ, ಪಾಸಾದೆ! ತುಂಬಾ ಚೆನ್ನಾಗಿದೆ ಅಂದ್ರು!”

ನಾನು ಏನು ಮಾಡಿದೆನೋ ನನಗೆ ಗೊತ್ತಿಲ್ಲ. ಪಕ್ಕದ ಹೊಲದವರು ಹಾವು ಕಂಡಳೇನೋ ಎಂದು ಓಡಿ ಬಂದರಂತೆ. ನಾನು ಅಳುತ್ತಿದ್ದೆ, ನಗುತ್ತಿದ್ದೆ. ಅವಳೂ ಅಲ್ಲಿ ನಗುತ್ತಿದ್ದಳು. ಏನೇನು ಕೇಳಿದರು, ನೀನು ಏನೇನು ಹೇಳಿದೆ, ಒಂದೂ ಬಿಡದೆ ಹೇಳು ಅಂದೆ.

“ಮೊದ್ಲು ಕೇಳಿದ್ದೇ ಅದು ಅಜ್ಜಿ. ಒಂದು ವರ್ಷ ಯಾಕಮ್ಮ ತಡ ಆಯ್ತು ಅಂತ.”

ನನ್ನ ನಗು ನಿಂತುಹೋಯಿತು. ಪಕ್ಕದ ಹೊಲದವರು ಇನ್ನೂ ಅಲ್ಲೇ ನಿಂತಿದ್ದರು. ನಾನು ಅವರಿಗೆ ಬೆನ್ನು ಮಾಡಿ ತಿರುಗಿದೆ.

“ಏನಂದೆ ಮಗ?”

“ಕೆರೇಲಿ ನೀರಿತ್ತು ಸಾರ್, ಅಂದೆ.”

“ಅಷ್ಟೇಯಾ?”

“ಅಷ್ಟೇ.” ಆಮೇಲೆ, “ಯಾಕಜ್ಜಿ, ನೀರಿರ್ಲಿಲ್ವಾ?” ಅಂದಳು.

“ಇತ್ತು ಕಣವ್ವ,” ಅಂದೆ. “ಇತ್ತು.”